ದರಫಲಕದ ಅರ್ಥ: ಹಾಪ್‌ಕಾಮ್ಸ್ ಮತ್ತು ಅದರ ವಿಮರ್ಶಕರು

ದಕ್ಷಿಣ ಬೆಂಗಳೂರಿನಲ್ಲಿ ಸ್ಥಳೀಯ ಹಾಗೂ ಸುಸ್ಥಿರ ಆಹಾರದ ಮಾತು ಬಂದಾಗಲೆಲ್ಲ ಸಾವಯವ ಮಳಿಗೆಗಳು, ಸಿರಿಧಾನ್ಯ ಮೇಳಗಳು, ವಾರಾಂತ್ಯದ ರೈತಸಂತೆಗಳು ಮುಂದಿನ ಸಾಲಿಗೆ ಬಂದು ಕೂರುತ್ತವೆ. ಆರು ದಶಕಗಳಿಗೂ ಮಿಕ್ಕಿ ಸುತ್ತಲಿನ ತೋಟಗಳ ಬೆಳೆಯನ್ನು ಬಡಾವಣೆಗಳ ಮೂಲೆಮೂಲೆಗೆ ಮುಟ್ಟಿಸುತ್ತ ಬಂದಿರುವ ಹಾಪ್‌ಕಾಮ್ಸ್ ಮಾತ್ರ ‘ಹಳೆಯ ಸರ್ಕಾರಿ ಅಂಗಡಿ’ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ಆಡಳಿತದಲ್ಲಿ ಅಧಿಕಾರಿಗಳ ಕೈಯಿದೆ, ಸರ್ಕಾರದ ನೆರವೂ ಸಿಕ್ಕಿದೆ ಎಂಬುದು ನಿಜವಾದರೂ, ಹಾಪ್‌ಕಾಮ್ಸ್ ಎಂಬ ಇಂಗ್ಲಿಷ್ ಹೆಸರಿನ ಸಂಕ್ಷಿಪ್ತ ರೂಪದ ಹಿಂದಿರುವುದು ತೋಟಗಾರಿಕಾ ಬೆಳೆಗಾರರ ಸಹಕಾರಿ ಮಾರಾಟ ಮತ್ತು ಸಂಸ್ಕರಣಾ ಸಂಘ, ಅಂದರೆ ಬೆಳೆದವರೇ ಷೇರು ಹಾಕಿ ಸದಸ್ಯರಾಗಿರುವ ಸಂಸ್ಥೆ. ಇಷ್ಟನ್ನೂ ಗಮನಿಸದ ವಿಮರ್ಶೆಯು ಅದರ ಸೋಲುಗೆಲುವುಗಳನ್ನು ಅಳೆಯಲು ಹೊರಟಿರುವುದೇ ಇಲ್ಲಿನ ತಕರಾರಿಗೆ ಮೂಲ.

ಕರ್ನಾಟಕದ ಸಹಕಾರ ಚಳವಳಿಯ ಚರಿತ್ರೆ, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಮೊದಲಾದದ್ದು, ಓದುಗರಿಗೆ ತಿಳಿದಿರುವಂಥದು. ಆ ಚಳವಳಿಯ ಹಾದಿಯಲ್ಲೇ ಹಾಪ್‌ಕಾಮ್ಸ್ ಹುಟ್ಟಿದ್ದು 1959ರಲ್ಲಿ, ತೋಟಗಾರಿಕೆಯ ಹಿರಿಯ ಎಂ.ಎಚ್. ಮರಿಗೌಡರ ಮುಂದಾಳತ್ವದಲ್ಲಿ, ಲಾಲ್‌ಬಾಗನ್ನು ನೆಲೆ ಮಾಡಿಕೊಂಡು ದ್ರಾಕ್ಷಿ ಬೆಳೆಗಾರರ ಸಂಘವಾಗಿ. ಬೆಂಗಳೂರು ನೀಲಿ ಎಂದು ಹೆಸರಾದ ಬೀಜದ ದ್ರಾಕ್ಷಿಯನ್ನು ಬೆಳೆಯುವವನಿಗೆ, ಕೊಯ್ದ ಹಣ್ಣು ಕೆಡುವ ಮೊದಲೇ ಮಾರಿಕೊಳ್ಳಬೇಕಾದ ತುರ್ತು ಇತ್ತು. ಆ ತುರ್ತಿಗೆ ಉತ್ತರವಾಗಿ ಬಂದ ಸಂಘವು ಮುಂದೆ ಎಲ್ಲ ಹಣ್ಣು ತರಕಾರಿಗಳಿಗೂ ವಿಸ್ತರಿಸಿಕೊಂಡು 1987ರಲ್ಲಿ ಈಗಿನ ಹೆಸರನ್ನು ಪಡೆಯಿತು.

ಈ ಸಂಸ್ಥೆಯ ನಿಜವಾದ ಕೃತಿ ಯಾವುದೆಂದರೆ ಅದರ ದರಫಲಕ. ಬಸವನಗುಡಿ, ಜಯನಗರ, ಬನಶಂಕರಿಯ ಮಳಿಗೆಗಳಲ್ಲಿ ತರಕಾರಿ ಕೊಂಡವರೆಲ್ಲ ಅದನ್ನು ನೋಡಿದ್ದಾರೆ, ಓದಿದವರು ಕಡಿಮೆ. ಸಗಟು ಮಾರುಕಟ್ಟೆಯ ಧಾರಣೆಯನ್ನು ನೋಡಿಕೊಂಡು ಸಂಘವು ದಿನದಿನವೂ ದರ ಗೊತ್ತುಮಾಡುತ್ತದೆ. ಒಂದು ಬಡಾವಣೆಯ ಸಿರಿತನ ಕಂಡು ಬೆಲೆ ಏರುವುದಿಲ್ಲ, ಇನ್ನೊಂದರ ಬಡತನ ಕಂಡು ಸರಕಿನ ದರ್ಜೆ ಇಳಿಯುವುದಿಲ್ಲ. ಚೌಕಾಸಿ ಬಲ್ಲವನಿಗೊಂದು ಬೆಲೆ, ಬಾರದವನಿಗೊಂದು ಬೆಲೆ ಎಂಬ ಸಂತೆಯ ಪದ್ಧತಿಯನ್ನು ಈ ಫಲಕ ಸದ್ದಿಲ್ಲದೆ ರದ್ದುಮಾಡಿದೆ. ಶ್ರೀನಗರದ ಕಾಳಿದಾಸ ಲೇಔಟಿನ ಗೃಹಿಣಿಯೂ ಜಯನಗರದ ನಿವೃತ್ತ ಅಧಿಕಾರಿಯೂ ಒಂದೇ ಹುರುಳಿಕಾಯಿಗೆ ಒಂದೇ ಹಣ ಕೊಡುತ್ತಾರೆ ಎಂಬುದು ಸಣ್ಣ ಸಂಗತಿಯಾಗಿ ತೋರಬಹುದು. ಆದರೆ ನಗರದ ಆಹಾರ ವ್ಯಾಪಾರದಲ್ಲಿ ಇಂಥ ಸಮಾನತೆ ಬೇರೆಲ್ಲಿದೆ ಎಂದು ಹುಡುಕಿದವರಿಗೆ ಅದರ ಬೆಲೆ ಗೊತ್ತಾಗುತ್ತದೆ.

ಫಲಕಕ್ಕೆ ಇನ್ನೊಂದು ಮುಖವಿದೆ, ಅದು ಕೊಳ್ಳುವವನ ಕಣ್ಣಿಗೆ ಬೀಳದ ಮುಖ, ಬೆಳೆದವನ ಕಡೆಗೆ ತಿರುಗಿರುವಂಥದು. ಮಂಡಿಗೆ ಮಾಲು ಹೊತ್ತ ರೈತ ಮೂರು ಕಡೆ ಸೋರಿಕೆ ಕಾಣುತ್ತಾನೆ: ಕಾನೂನಿನ ಪ್ರಕಾರ ಕೊಳ್ಳುವವನಿಂದ ಪಡೆಯಬೇಕಾದ ಕಮಿಷನ್ ಅವನ ಹಣದಲ್ಲೇ ಮುರಿದುಕೊಳ್ಳಲಾಗುತ್ತದೆ, ತೂಕದಲ್ಲಿ ಸೂಟು, ಅಂದರೆ ಹಾಳು ಹರಕು ಎಂಬ ನೆಪದ ಕಡಿತ, ತೆಗೆಯಲಾಗುತ್ತದೆ, ಲೆಕ್ಕವೆಲ್ಲ ಬಿಳಿ ಚೀಟಿಯಲ್ಲಿ, ಅಂದರೆ ಯಾವ ಅಧಿಕೃತ ದಾಖಲೆಗೂ ಸೇರದ ಕಾಗದದಲ್ಲಿ, ಮುಗಿಯುತ್ತದೆ. ಕೋಲಾರದಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2023ರ ಜುಲೈನಲ್ಲಿ 2,000 ರೂಪಾಯಿ ದಾಟಿತ್ತು, ಬೆಲೆ ಬಿದ್ದ ವರ್ಷಗಳಲ್ಲಿ ಅದೇ ಹಣ್ಣು ರಸ್ತೆ ಬದಿಗೆ ಸುರಿಯಲ್ಪಟ್ಟಿದೆ. ಈ ಏರಿಳಿತದ ನಡುವೆಯೂ ಮೇಲೆ ಹೇಳಿದ ಮೂರು ಸೋರಿಕೆಗಳು ಯಾವ ವರ್ಷವೂ ನಿಲ್ಲುವುದಿಲ್ಲ. ಸಂಘದ ಖರೀದಿ ಕೇಂದ್ರಕ್ಕೆ ಬಂದ ಸದಸ್ಯನಿಗೆ ದರ ಮೊದಲೇ ಗೊತ್ತಿರುತ್ತದೆ, ತೂಕ ಅವನ ಎದುರಿಗೇ ಆಗುತ್ತದೆ, ನಡುವೆ ದಲ್ಲಾಳಿ ಇರುವುದಿಲ್ಲ. ದರಫಲಕವೆಂದರೆ ಈ ಸೋರಿಕೆಗಳನ್ನು ಮುಚ್ಚಿದ ಮೇಲೆ ಉಳಿದ ಲೆಕ್ಕ.

ಆದರೂ ಇಲ್ಲೊಂದು ಮುಜುಗರದ ಪ್ರಶ್ನೆಯನ್ನು ಬಿಡುವಂತಿಲ್ಲ. ಫಲಕದ ಅಂಕಿ ಹುಟ್ಟುವುದು ಎಲ್ಲಿ? ಅದೇ ಸಗಟು ಮಾರುಕಟ್ಟೆಯಲ್ಲಿ. ಯಾವ ಮಾರುಕಟ್ಟೆಯಿಂದ ಬೆಳೆಗಾರನನ್ನು ಬಿಡಿಸಲು ಸಂಘ ಹುಟ್ಟಿತೋ ಅದರ ಧಾರಣೆಯನ್ನೇ ಆಧಾರ ಮಾಡಿಕೊಂಡರೆ, ಮಾರುಕಟ್ಟೆ ಕುಸಿದ ದಿನ ಫಲಕವೂ ಕುಸಿಯಲೇಬೇಕು; ಗೊಬ್ಬರ, ಕೂಲಿ, ಕೊಳವೆಬಾವಿಯ ಖರ್ಚಿಗೂ ಅಲ್ಲಿ ಬರೆದ ಅಂಕಿಗೂ ಸಂಬಂಧವಿರುವುದಿಲ್ಲ. ಸಂಘವು ಬೆಲೆಯನ್ನು ಗೆದ್ದಿಲ್ಲ, ಬೆಲೆಯ ಸುತ್ತಲಿನ ಅನ್ಯಾಯಗಳನ್ನು ಗೆದ್ದಿದೆ. ಈ ಎರಡನೆಯ ಗೆಲುವೇ ಅದರ ಸಾಧನೆ ಎಂದೂ, ಮೊದಲನೆಯದು ಒಂದು ನಗರದ ಸಂಘದ ಕೈಗೆ ಎಟುಕುವ ಮಾತಲ್ಲವೆಂದೂ ಒಪ್ಪಿಕೊಂಡರೆ ಮಾತ್ರ ನ್ಯಾಯದ ತೀರ್ಪು ಸಾಧ್ಯ.

ಸಾವಯವದ ಪರವಾಗಿ ಬರೆಯುವ ವಿಮರ್ಶಕರು ಈ ತೀರ್ಪನ್ನು ಒಪ್ಪುವುದಿಲ್ಲ. ಸಂಘ ರಾಸಾಯನಿಕದ ಪ್ರಶ್ನೆ ಕೇಳುವುದಿಲ್ಲ, ಆದ್ದರಿಂದ ಅದು ಸುಸ್ಥಿರವಲ್ಲ ಎಂಬುದು ಅವರ ವಾದ. ಮೊದಲರ್ಧ ಸರಿ, ಆದರೆ ಅದರಿಂದ ಎರಡನೆಯದು ಹೊರಡುವುದಿಲ್ಲ. ಪ್ರಮಾಣೀಕರಣದ ನಿಯಮದಂತೆ ವಾರ್ಷಿಕ ಬೆಳೆಗೆ ಎರಡು ವರ್ಷ, ಬಹುವಾರ್ಷಿಕ ಬೆಳೆಗೆ ಮೂರು ವರ್ಷ ‘ಪರಿವರ್ತನೆಯ ಅವಧಿ’ ಇದೆ. ಆ ಕಾಲದಲ್ಲಿ ರೈತ ರಾಸಾಯನಿಕ ಬಿಟ್ಟಿರುತ್ತಾನೆ, ಇಳುವರಿ ಇಳಿದಿರಬಹುದು, ಆದರೆ ಸಾವಯವದ ಮುದ್ರೆಯಾಗಲಿ ಅದರ ಹೆಚ್ಚಿನ ಬೆಲೆಯಾಗಲಿ ದೊರೆಯುವುದಿಲ್ಲ. ಒಂದೆಕರೆಯಲ್ಲಿ ಸೊಪ್ಪು ಬೆಳೆಯುವವನು ಆ ವರ್ಷಗಳನ್ನು ಯಾವ ಆಸರೆಯ ಮೇಲೆ ದಾಟಬೇಕು ಎಂಬ ಪ್ರಶ್ನೆಗೆ ಸಾವಯವ ಮಳಿಗೆಗಳ ಪ್ರಶಂಸಕರಲ್ಲಿ ಬಹುಪಾಲು ಮಂದಿ ಉತ್ತರ ಕೊಟ್ಟಿಲ್ಲ. ಕೈಗೆ ಹಣ ಬರುವ ಭರವಸೆಯಿಲ್ಲದೆ ಮಣ್ಣನ್ನು ಕಾಯುವುದು ಯಾರಿಂದಲೂ ಆಗದು; ಸುಸ್ಥಿರತೆಯ ಮೊದಲ ಷರತ್ತು ತೋಟದವನು ತೋಟದಲ್ಲೇ ಉಳಿಯುವುದು.

ಈ ಪ್ರಶ್ನೆಯನ್ನು ಎದುರಿಸಿದವರು ಇಲ್ಲದಿಲ್ಲ. 2001ರಲ್ಲಿ ಮೊದಲಾದ ಸಹಜ ಸಮೃದ್ಧ ಬಳಗವು ದೇಸಿ ತಳಿಗಳ ಸಂರಕ್ಷಣೆಯಿಂದ ಹೊರಟು, 2010ರಲ್ಲಿ ಸಾವಯವ ಕೃಷಿಕರ ಉತ್ಪಾದಕ ಕಂಪನಿಯನ್ನು ಕಟ್ಟಿತು. ಉತ್ಪಾದಕ ಕಂಪನಿ ಎಂದರೆ, 2002ರ ತಿದ್ದುಪಡಿಯ ಮೂಲಕ ಕಂಪನಿ ಕಾನೂನಿಗೆ ಸೇರಿದ, ಬೆಳೆಗಾರರೇ ಷೇರುದಾರರಾಗಿರುವ ಹಾಗೂ ಸಹಕಾರ ತತ್ವವನ್ನು ಉಳಿಸಿಕೊಂಡ ವ್ಯವಸ್ಥೆ. ಇದನ್ನು ಹಾಪ್‌ಕಾಮ್ಸ್‌ಗೆ ಎದುರಾಗಿ ನಿಲ್ಲಿಸಿ ಹೊಗಳುವುದು ರೂಢಿ. ಹಾಗೆ ಮಾಡುವವರು ಎರಡರ ಬೇರು ಒಂದೇ ಎಂಬುದನ್ನು ಮರೆಯುತ್ತಾರೆ: ಮಾರುವ ಹಕ್ಕು ಬೆಳೆದವನಲ್ಲೇ ಇರಬೇಕು ಎಂಬ 1959ರ ಆಲೋಚನೆಯೇ 2010ರಲ್ಲಿ ಹೊಸ ಕಾನೂನಿನ ಅಂಗಿ ತೊಟ್ಟು ಬಂದಿದೆ.

ಇನ್ನು ‘ಸ್ಥಳೀಯ’ ಎಂಬುದನ್ನೇ ಗುಣವೆಂದು ಕೊಂಡಾಡುವವರು ವೃಷಭಾವತಿಯನ್ನು ನೆನೆಯಬೇಕು. ಬಸವನಗುಡಿಯ ದೊಡ್ಡ ಬಸವಣ್ಣನ ಗುಡ್ಡದ ಬಳಿ ಹುಟ್ಟಿತೆಂದು ಜನ ನಂಬುವ ಈ ನದಿ ಶ್ರೀನಗರದ ಸುತ್ತಮುತ್ತಲಿನ ಬಡಾವಣೆಗಳ ಕೊಳಚೆಯನ್ನೂ ಮೈಸೂರು ರಸ್ತೆಯ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಸೇರುತ್ತದೆ, ಅಲ್ಲಿಂದ ಹೊಲಗಳಿಗೆ ಹರಿಯುತ್ತದೆ. ನಗರದಿಂದ ಇಷ್ಟು ಹತ್ತಿರದ ಹೊಲ ಇನ್ನೆಷ್ಟು ಸ್ಥಳೀಯವಾಗಬೇಕು? ದೂರ ಕಡಿಮೆಯಾದರೆ ಆಹಾರ ಶುದ್ಧವಾಗುತ್ತದೆ ಎಂಬ ನಂಬಿಕೆಯನ್ನು ಈ ಒಂದು ನದಿಯೇ ಸುಳ್ಳು ಮಾಡುತ್ತದೆ. ಆ ಹೊಲಗಳ ರೈತರು ಕೊಳಚೆ ನೀರನ್ನು ಬಯಸಿ ಪಡೆದವರಲ್ಲ, ನಗರ ಅದನ್ನು ಅವರ ಮೇಲೆ ಹೊರಿಸಿದೆ. ಹಾಪ್‌ಕಾಮ್ಸ್ ಫಲಕದ ಮೇಲಿನ ಗಂಭೀರ ಆಕ್ಷೇಪ ಹುಟ್ಟುವುದು ಇಲ್ಲಿಯೇ: ಅದರಲ್ಲಿ ತರಕಾರಿಯ ಹೆಸರಿದೆ, ಬೆಲೆಯಿದೆ, ಬೆಳೆದ ಊರಿಲ್ಲ, ನೀರಿನ ಮೂಲವಿಲ್ಲ. ಬೆಳೆಗಾರನನ್ನು ಸದಸ್ಯನೆಂದು ಪುಸ್ತಕದಲ್ಲಿ ಬರೆದುಕೊಂಡಿರುವ, ಅವನ ಮಾಲನ್ನು ನೇರವಾಗಿ ತೂಗಿಕೊಳ್ಳುವ ಸಂಘಕ್ಕೆ ಊರನ್ನೂ ನೀರಿನ ಮೂಲವನ್ನೂ ಬರೆಯುವುದು ದುಸ್ಸಾಧ್ಯವಾದ ಕೆಲಸವಲ್ಲ; ಮಂಡಿಯಿಂದ ಕೊಂಡು ಮಾರುವ ಅಂಗಡಿ ಬಯಸಿದರೂ ಹೇಳಲಾರದ್ದನ್ನು ಸಂಘ ಹೇಳಬಲ್ಲದು.

ಹಾಗೆ ಹೇಳುವಂತೆ ಸಂಘವನ್ನು ಕೇಳುವ ಹಕ್ಕು ಯಾರಿಗಿದೆ ಎಂಬಲ್ಲಿ ಅದರ ರಚನೆಯ ಮೂಲ ಕೊರತೆ ಕಾಣುತ್ತದೆ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರು ಮತ್ತಿತರ ಕುಶಲಕರ್ಮಿಗಳು ಕಟ್ಟಿದ ದಿನಸಿ ಸಹಕಾರದಲ್ಲಿ ಕೊಳ್ಳುವವರೇ ಸದಸ್ಯರಾಗಿದ್ದರು, ಬೆಳೆದವರಿಗೆ ದನಿ ಇರಲಿಲ್ಲ. ಲಾಲ್‌ಬಾಗಿನ ಸಂಘದಲ್ಲಿ ಬೆಳೆದವರಿಗೆ ದನಿಯಿದೆ, ಕೊಳ್ಳುವವರು ಗಿರಾಕಿಗಳಾಗಿಯೇ ಉಳಿದಿದ್ದಾರೆ. ವರ್ಷಗಟ್ಟಲೆ ಒಂದೇ ಮಳಿಗೆಯಲ್ಲಿ ತರಕಾರಿ ಕೊಳ್ಳುವ ಹನುಮಂತನಗರದ, ಶ್ರೀನಗರದ ಕುಟುಂಬಗಳಿಗೆ ಸಂಘದ ಸಭೆಯಲ್ಲಿ ಒಂದು ಕುರ್ಚಿಯೂ ಇಲ್ಲ. ರಾಜ್ಯದ ಸಹಕಾರ ಕಾನೂನು ಪೂರ್ಣ ಹಕ್ಕಿಲ್ಲದ ಸಹಸದಸ್ಯತ್ವಕ್ಕೆ ಎಡೆ ಕೊಟ್ಟಿದೆ. ಆ ಬಾಗಿಲಿನಿಂದ ಕೊಳ್ಳುವವರನ್ನು ಒಳಗೆ ಕರೆದುಕೊಂಡರೆ, ಯಾವ ಊರಿನ ಯಾವ ನೀರಿನಲ್ಲಿ ಬೆಳೆದದ್ದು ಎಂಬ ಪ್ರಶ್ನೆ ಖರೀದಿ ಕೇಂದ್ರದ ತಕ್ಕಡಿಯವರೆಗೂ ತಲುಪುತ್ತದೆ, ಪರಿವರ್ತನೆಯ ಅವಧಿಯಲ್ಲಿರುವ ರೈತನ ಸೊಪ್ಪಿಗೆ ಕೆ.ಜಿ.ಗೆ ಎರಡು ರೂಪಾಯಿ ಹೆಚ್ಚು ಕೊಡಲು ಯಾರು ಸಿದ್ಧರಿದ್ದಾರೆ ಎಂಬುದೂ ಅಲ್ಲೇ ಇತ್ಯರ್ಥವಾಗುತ್ತದೆ.