ರಾಯಭಾರಿಯ ಪಟ, ರಾಯಕೋಟೆಯ ಬಂಡೆ

ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಅರಮನೆ ದರಿಯಾ ದೌಲತ್ತಿನ ಪಡುವಣ ಗೋಡೆಯಲ್ಲಿ ನಿಜಾಮನ ಪಡೆ ಬರುವ ಭಾಗವನ್ನು ಈ ವಾರ ಬಿಡಿಸಿ ನೋಡೋಣ ಎಂದಿದ್ದೆ. ಅದಕ್ಕೆ ಮುಂಚೆ ಒಂದು ಹಳೆಯ ಜಗಳ ತೀರಿಸಿಕೊಳ್ಳಬೇಕು.

ಅದೇ ಗೋಡೆಯ ಮೇಲಿನ ಪೊಳ್ಳಿಲೂರು ಕಾಳಗದ ಚಿತ್ರವನ್ನು ಒರಟು ಕೆಲಸ, ದೂರ ಹತ್ತಿರದ ಲೆಕ್ಕ ತಿಳಿಯದವರ ಕೈ ಎಂದು ತಳ್ಳಿಹಾಕುವ ಪಂಥವೊಂದು ನಮ್ಮ ಚಿತ್ರವಿಮರ್ಶೆಯಲ್ಲಿ ಬಹುಕಾಲದಿಂದ ಬೀಡುಬಿಟ್ಟಿದೆ. ಮೈಸೂರು ಚಿತ್ರವೆಂದರೆ ಚಿನ್ನದ ರೇಕು ಹಚ್ಚಿದ ದೇವರ ಪಟ ಮಾತ್ರ ಎನ್ನುವವರೂ ಇವರೇ. ನಾನು ಒಪ್ಪುವುದಿಲ್ಲ. 1780ರ ಸೆಪ್ಟೆಂಬರಿನ ಆ ಕಾಳಗದಲ್ಲಿ ಕೆಂಪಂಗಿಯ ಇಂಗ್ಲಿಷರ ಚಚ್ಚೌಕ, ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೇಯ್ಲಿ, ಹೊತ್ತಿ ಸಿಡಿಯುವ ಮದ್ದಿನ ಬಂಡಿ, ದುರ್ಬೀನು ಹಿಡಿದ ಫ್ರೆಂಚ್ ಸೇನಾನಿ ಲಾಲಿ, ಎಲ್ಲರೂ ಒಟ್ಟಿಗೆ ಕಾಣಬೇಕು. ಒಂದೇ ಕಡೆ ನಿಂತು ನೋಡಿದ್ದರೆ ಅದು ಆಗುತ್ತಿರಲಿಲ್ಲ. ಮಂಗಳೂರು ಒಪ್ಪಂದಕ್ಕೆ ಮೊಹರು ಬಿದ್ದ 1784ರ ಕಾಲದ ಅರಮನೆ ಅದು. ಅಲ್ಲಿಗೆ ಬಂದ ವಕೀಲನಿಗೆ, ಅಂದರೆ ರಾಯಭಾರಿಗೆ, ಯಾರು ಯಾರ ಪಕ್ಕದಲ್ಲಿ ನಿಂತಿದ್ದರು ಎಂಬುದನ್ನು ಗೋಡೆ ಬಾಯಿಬಿಟ್ಟು ಹೇಳುತ್ತಿತ್ತು. ಸಂಧಾನದ ಕೆಲಸವನ್ನೇ ಮಾಡುತ್ತಿದ್ದ ಚಿತ್ರ ಅದು. 1799ರ ನಂತರ ಆ ಅರಮನೆಯಲ್ಲಿ ವಾಸವಿದ್ದ ಇಂಗ್ಲಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ, ಸೋತ ಟಿಪ್ಪುವಿನ ಗೆಲುವಿನ ಈ ಚಿತ್ರವನ್ನು ದುರಸ್ತಿ ಮಾಡಿಸಿದ. ಒರಟು ಕೆಲಸವಾಗಿದ್ದರೆ ಸುಣ್ಣ ಬಳಿದು ಮುಗಿಸಿಬಿಡುತ್ತಿದ್ದ.

ಲಾಲಿಯ ಹೆಸರು ಬಂದದ್ದೇ ತಡ, ನನ್ನ ಮನಸ್ಸು ನಿಜಾಮನನ್ನು ಬಿಟ್ಟು ಪ್ಯಾರಿಸ್ಸಿಗೆ ಹೊರಟಿತು. 1787ರ ಜುಲೈನಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ಪುದುಚೇರಿಯಲ್ಲಿ ಹಡಗು ಹತ್ತಿದರು: ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್. ಮರುವರ್ಷ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ಅವರನ್ನು ಬರಮಾಡಿಕೊಂಡ. ಕೇಳಿದ್ದು ಇಂಗ್ಲಿಷರ ವಿರುದ್ಧ ಸೈನ್ಯದ ನೆರವು. ಸಿಕ್ಕಿದ್ದು ಸತ್ಕಾರ, ಉಡುಗೊರೆ, ಕುಶಲಕರ್ಮಿಗಳು, ಗಿಡಗಳ ಬೀಜ. ಲೂಯಿಯ ಖಜಾನೆ ಬರಿದಾಗಿತ್ತು; ಇಂಗ್ಲಿಷರ ಜತೆ 1783ರಲ್ಲಿ ಮಾಡಿಕೊಂಡ ಶಾಂತಿಯನ್ನು ಮುರಿಯುವ ಧೈರ್ಯ ಅವನಿಗಿರಲಿಲ್ಲ.

ಈ ರಾಯಭಾರದಿಂದ ಹುಟ್ಟಿದ ಒಂದು ಚಿತ್ರದ ಕಥೆಯನ್ನು ಅದನ್ನು ಬರೆದಾಕೆಯೇ ತನ್ನ ನೆನಪುಗಳಲ್ಲಿ ಹೇಳಿದ್ದಾಳೆ. ಎಲಿಜಬೆತ್ ವಿಜೇ ಲ ಬ್ರನ್, ರಾಣಿಯ ಮೆಚ್ಚಿನ ಚಿತ್ರಗಾರ್ತಿ. ನಾನು ಎಷ್ಟು ಸಲ ಓದಿದರೂ ಸಾಕೆನಿಸದ ಪುಟಗಳು ಅವು. ಮೈಸೂರಿನವರನ್ನು ಒಪೆರಾದಲ್ಲಿ ಕಂಡು ಅವರ ಚಿತ್ರ ಬರೆಯಲೇಬೇಕೆಂದು ಹಂಬಲಿಸಿದಳು. ದೊರೆಯೇ ಕೇಳಿಕೊಂಡರೆ ಮಾತ್ರ ಕೂರುತ್ತೇವೆ ಎಂದರು ಅವರು, ದೊರೆಯಿಂದಲೇ ಹೇಳಿಸಿದಳು. ಬಟ್ಟೆ, ಬಣ್ಣ ಹೊತ್ತು ಅವರ ಬಿಡಾರಕ್ಕೆ ಹೋದಾಗ ಆಕೆಯ ಕೈಗೆ ಪನ್ನೀರು ಚಿಮುಕಿಸಿ ಬರಮಾಡಿಕೊಂಡರು. ಎತ್ತರದ ಆಳು ದರ್ವೇಶ್ ಖಾನ್ ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು ನಿಂತ. ಮುಗಿದ ಚಿತ್ರವನ್ನು ಒಣಗಲು ಅಲ್ಲೇ ಬಿಟ್ಟು ಬಂದಳು. ಆತ ಅದನ್ನು ಹಾಸಿಗೆಯ ಹಿಂದೆ ಅಡಗಿಸಿಟ್ಟುಕೊಂಡು ಕೊಡಲೊಲ್ಲ. ಕೊನೆಗೆ ಅವನ ಸೇವಕನನ್ನು ಒಲಿಸಿಕೊಂಡು ಚಿತ್ರ ತರಿಸಿಕೊಂಡಳು. ಗೊತ್ತಾದ ಕೂಡಲೇ ಖಾನ್ ಆ ಸೇವಕನನ್ನು ಕೊಲ್ಲಲು ಹೊರಟ. ಪ್ಯಾರಿಸ್ಸಿನಲ್ಲಿ ಹಾಗೆಲ್ಲ ಮಾಡುವಂತಿಲ್ಲ, ಚಿತ್ರ ಬೇಕಾಗಿರುವುದು ದೊರೆಗೆ ಎಂದು ದುಭಾಷಿ ಹೇಗೋ ಸಮಾಧಾನ ಮಾಡಿದ.

1789ರ ಆಗಸ್ಟಿನ ಸಲೋನ್ ಪ್ರದರ್ಶನದಲ್ಲಿ ಆ ಚಿತ್ರ ತೂಗಿತು. ಬಾಸ್ಟೀಲ್ ಬಿದ್ದು ಒಂದು ತಿಂಗಳಷ್ಟೇ ಕಳೆದಿತ್ತು. ಅಕ್ಟೋಬರಿನಲ್ಲಿ ಚಿತ್ರಗಾರ್ತಿಯೇ ಊರು ಬಿಟ್ಟು ಓಡಿದಳು. 2019ರ ಜನವರಿಯಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದೇ ಚಿತ್ರ 70 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಬೆಲೆಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಖಾನನ ನಿಲುವು. ಬೇಡಲು ಬಂದವನ ಕುಗ್ಗು ಅಲ್ಲಿ ಒಂದಿಷ್ಟೂ ಇಲ್ಲ. ಮೈಸೂರು ತನ್ನನ್ನು ಸಮಾನ ದೊರೆತನವೆಂದು ತೋರಿಸಿಕೊಳ್ಳಬಯಸಿತ್ತು. ವರ್ಸೇಲ್ಸಿನ ಮಂತ್ರಿಗಳು ಒಪ್ಪದ್ದನ್ನು ಈ ಹೆಣ್ಣುಮಗಳ ಕುಂಚ ಒಪ್ಪಿತು.

ಇನ್ನೊಂದು ಕಡೆಯ, ಇಂಗ್ಲಿಷರ, ಕುಂಚಗಳು ಅಷ್ಟರಲ್ಲಿ ನಮ್ಮ ಬೆಟ್ಟಗಳ ಬುಡಕ್ಕೇ ಬಂದಿದ್ದವು. 1790ರ ಜೂನ್, ಜುಲೈನಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ವಿರುದ್ಧ ಮರಾಠರನ್ನೂ ನಿಜಾಮನನ್ನೂ ಒಪ್ಪಂದದಲ್ಲಿ ಕಟ್ಟಿಹಾಕಿದ. ಮರುವರ್ಷ ಜುಲೈನಲ್ಲಿ ಹೊಸೂರು, ರಾಯಕೋಟೆ ಅವನ ಕೈಸೇರಿದವು. ನವೆಂಬರಿನಲ್ಲಿ ಕೃಷ್ಣಗಿರಿಯ ಕೆಳಕೋಟೆ, ಪೇಟೆಗಳನ್ನು ಹಿಡಿದ ಅವನ ಸೇನಾನಿ ಮ್ಯಾಕ್ಸ್‌ವೆಲ್ ಮೇಲಿನ ಕೋಟೆಯಲ್ಲಿ ಸೋತು ಇಳಿದ. ಈ ದಂಡಿನ ಜತೆ ಬಂದ ಚಿತ್ರಗಾರರನ್ನು ನೋಡಿ: ಜೇಮ್ಸ್ ಹಂಟರ್ ಫಿರಂಗಿದಳದ ಲೆಫ್ಟಿನೆಂಟ್, ಅಲೆಕ್ಸಾಂಡರ್ ಅಲನ್ ಸೇನಾಧಿಕಾರಿ, ಕೋಲ್‌ಬ್ರೂಕ್ ಮೋಜಣಿಯವ, ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದವನು. ಇವರ ಹಾಳೆಗಳಲ್ಲಿ ಮರದ ನೆರಳಿದೆ, ತಿಳಿ ಆಕಾಶವಿದೆ. ಅದನ್ನೇ ನೋಡಿ 'ಪ್ರಕೃತಿ ಸೌಂದರ್ಯ' ಎಂದು ಬಾಯಿ ಚಪ್ಪರಿಸುವವರ ಮೇಲೆ ನನಗೆ ಸಿಟ್ಟಿದೆ. ಬಂಡೆಯ ಎತ್ತರ, ಹತ್ತುವ ದಾರಿ, ಗೋಡೆಯ ಓಟ ಅಳೆಯುವ ಕಣ್ಣೇ ಆ ನೆರಳನ್ನೂ ಬರೆದದ್ದು. ಪೊಳ್ಳಿಲೂರಿನ ಗೋಡೆ ಸ್ನೇಹಿತರನ್ನು ಎಣಿಸಿತು. ಈ ಹಾಳೆಗಳು ಬೆಟ್ಟಗಳನ್ನು ಎಣಿಸಿದವು. ಎರಡನೆಯ ಎಣಿಕೆಯೇ ಗೆದ್ದಿತು ಎಂಬುದು ನನ್ನ ತೀರ್ಮಾನ. ಫ್ರಾನ್ಸಿಗೆ, ಇಸ್ತಾಂಬುಲ್ಲಿಗೆ, ಕೊನೆಗೆ ಮಾರಿಷಸ್ಸಿಗೆ ಆಳು ಕಳಿಸಿದ ಟಿಪ್ಪು, ಮಗ್ಗುಲಲ್ಲೇ ಇದ್ದ ಪುಣೆ, ಹೈದರಾಬಾದುಗಳನ್ನು ಒಲಿಸಿಕೊಳ್ಳಲಾಗದೆ ಕೆಟ್ಟ.

ಸೂಳಗಿರಿಯವರಾದ ನಾವು ನೋಡಲೇಬೇಕಾದ ಚಿತ್ರಗಳು ಇಂಗ್ಲಿಷ್ ಚಿತ್ರಗಾರರಾದ ಡ್ಯಾನಿಯೆಲ್‌ಗಳವು. ಚಿಕ್ಕಪ್ಪ ಥಾಮಸ್, ಅಣ್ಣನ ಮಗ ವಿಲಿಯಂ. 1792ರ ಮಾರ್ಚಿನಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಗಿ ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳು ಎಂದು ತೀರ್ಮಾನವಾದ ಬೆನ್ನಿಗೇ ಇಬ್ಬರೂ ಮದರಾಸಿನಿಂದ ಬಾರಾಮಹಲ್ ಸೀಮೆ ಹಾದು ಬೆಂಗಳೂರಿನ ಕಡೆ ಬಂದರು. ಎರಡು ಯುದ್ಧಗಳ ನಡುವಿನ ಬಿಡುವು ಅದು.  

ಅವರ ಚಿತ್ರಗಳ ಅಡಿಬರಹ ಓದಿ. ರಾಯಕೋಟೆಯ ಕೆಳಗೆ 'ಬಾರಾಮಹಲ್‌ನಲ್ಲಿ' ಎಂದಿದೆ, ಹೊಸೂರಿನ ಕೆಳಗೆ 'ಮೈಸೂರಿನಲ್ಲಿ' ಎಂದು. ಸೂಳಗಿರಿಯಿಂದ ಎರಡೂ ಊರು ಒಂದು ಗಳಿಗೆಯ ಬಸ್ ಪ್ರಯಾಣ. ಆ ಎರಡು ಅಡಿಬರಹಗಳ ನಡುವೆಯೇ 1792ರ ಒಪ್ಪಂದದಲ್ಲಿ ಕಾರ್ನ್‌ವಾಲಿಸ್ ಎಳೆದ ಗಡಿ ಹಾದುಹೋಗಿದೆ. 1799ರ ಮಾರ್ಚ್ 5ರಂದು ಜನರಲ್ ಹ್ಯಾರಿಸ್‌ನ ದಂಡು ರಾಯಕೋಟೆಯ ಕಡೆಯಿಂದಲೇ ಆ ಗಡಿ ದಾಟಿ ಕೆಳಮಂಗಲದ ದಾರಿ ಹಿಡಿಯಿತು. ಜತೆಗೆ ನಿಜಾಮನ ಪಡೆಯೂ ಇತ್ತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿದ್ದು ಎಲ್ಲ ಮುಗಿಯಿತು. ಆ ಚಿತ್ರಗಳ ಮುದ್ರಣಗಳು ಲಂಡನ್ನಿನಲ್ಲಿ ಹೊರಬಂದದ್ದು 1801ರ ಈಚೆಗೆ. ಹೊಸೂರು ಆಗಲೇ ಕಂಪನಿಯ ಪಾಲಾಗಿತ್ತು. ಆದರೂ ಡ್ಯಾನಿಯೆಲ್‌ಗಳು ಅಡಿಬರಹವನ್ನು ತಿದ್ದಲಿಲ್ಲ.