ಬೇಟೆಹಕ್ಕಿಗಳ ನಾಮವಿಚಾರ

ಹಕ್ಕಿಗಳನ್ನು ಕುರಿತು ಕನ್ನಡದಲ್ಲಿ ಬರೆಯುವವರು ಈಚೆಗೆ ಹೆಚ್ಚುತ್ತಿರುವುದು ಸಂತೋಷದ ವಿಷಯ. ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ದಂತಹ ಪುಸ್ತಕ ಬಂದ ಮೇಲೆ ಹಕ್ಕಿಯನ್ನು ನಿಂತು ನೋಡುವುದೂ, ನೋಡಿದ್ದನ್ನು ಕನ್ನಡದಲ್ಲಿಯೇ ಹೇಳುವುದೂ ನಮ್ಮ ವಾಚಕರಿಗೆ ಅಪರಿಚಿತವಾಗಿ ಉಳಿದಿಲ್ಲ. ಆದರೆ ಈ ಬರವಣಿಗೆಯ ಜೊತೆಗೇ ಒಂದು ಅಭ್ಯಾಸವೂ ಬೆಳೆದಿದೆ. ಇಂಗ್ಲಿಷ್ ಪುಸ್ತಕದಲ್ಲಿರುವ ಹೆಸರನ್ನು ಎದುರಿಗಿಟ್ಟುಕೊಂಡು, ನಿಘಂಟಿನಲ್ಲಿ ಅದರ ಅರ್ಥವನ್ನು ಹುಡುಕಿ, ಆ ಅರ್ಥಕ್ಕೆ ಕನ್ನಡದ ಮಾತೊಂದನ್ನು ಹೊಂದಿಸಿ, ಇದೇ ಹಕ್ಕಿಯ ಕನ್ನಡ ಹೆಸರೆಂದು ಪಟ್ಟಿಗೆ ಸೇರಿಸಿಬಿಡುವುದೇ ಆ ಅಭ್ಯಾಸ. ಈ ಪದ್ಧತಿ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಬೇಟೆಹಕ್ಕಿಗಳ ಹೆಸರುಗಳನ್ನು ಮಾತ್ರ ತೆಗೆದುಕೊಂಡು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಉತ್ತಮಪಾಳಯದಲ್ಲಿ ಕುಳಿತು ನಾವು ಇದನ್ನು ಬರೆಯುವುದಕ್ಕೆ ಕಾರಣವಿಲ್ಲದೆ ಇಲ್ಲ. ಈ ಕಂಬಂ ಕಣಿವೆಯ ಒಕ್ಕಲು ಮನೆತನಗಳಲ್ಲಿ ಎಷ್ಟೋ ಮನೆಗಳಿಗೆ ಕನ್ನಡ ಮನೆಮಾತು. ಬೀದಿಗೂ ಶಾಲೆಗೂ ತಮಿಳು. ಮೇಲಿನ ವಿದ್ಯೆಗೆ ಇಂಗ್ಲಿಷು. ಪೆರಿಯಾರಿನ ನೀರುಂಡ ಗದ್ದೆಗಳ ಮೇಲೆ ಸುತ್ತುವ ಒಂದೇ ಹಕ್ಕಿಯನ್ನು ನಮ್ಮ ಮಕ್ಕಳು ಮನೆಯಲ್ಲಿ ಹದ್ದೆಂದೂ, ಬೀದಿಯಲ್ಲಿ ಪರುಂದೆಂದೂ, ಪುಸ್ತಕದಲ್ಲಿ ಕೈಟ್ ಎಂದೂ ಕರೆಯುತ್ತಾರೆ. ಮೂರರಲ್ಲಿ ಇಂಗ್ಲಿಷಿನದೇ ನಿಜವಾದ ಹೆಸರು, ಮನೆಯಲ್ಲಿ ಆಡುವುದು ಹೇಗೋ ಉಳಿದುಕೊಂಡ ಹಳ್ಳಿಯ ಮಾತು ಎಂಬ ಭಾವನೆ ಎಳೆಯ ಮನಸ್ಸಿನಲ್ಲಿ ಬಹುಬೇಗ ಬೇರೂರುತ್ತದೆ. ಹೀಗಿರುವಾಗ ಕನ್ನಡ ಪುಸ್ತಕವೂ ಇಂಗ್ಲಿಷಿನ ನೆರಳನ್ನೇ ಕನ್ನಡವೆಂದು ಕೊಟ್ಟರೆ ಮನೆಯ ಮಾತಿಗೆ ಸಾಕ್ಷಿ ಹೇಳುವವರು ಯಾರು?

ಮೊದಲು ಇಂಗ್ಲಿಷ್ ಹೆಸರುಗಳನ್ನೇ ಪರೀಕ್ಷಿಸೋಣ. ಅವುಗಳ ಅರ್ಥ ಹಕ್ಕಿಯ ಲಕ್ಷಣವನ್ನು ತಿಳಿಸುತ್ತದೆ ಎಂಬ ನಂಬಿಕೆಯ ಮೇಲೆಯೇ ಈ ಅನುವಾದಗಳೆಲ್ಲ ನಿಂತಿವೆ. ಆ ನಂಬಿಕೆಗೆ ಆಧಾರ ಸಾಲದು. ಕೈಟ್ ಎಂಬುದು ಹಳೆಯ ಇಂಗ್ಲಿಷಿನಿಂದಲೂ ಬಂದ ಮಾತು. ಹಕ್ಕಿಯ ಕೂಗನ್ನು ಅನುಕರಿಸಿ ಹುಟ್ಟಿತೆಂದು ಪಂಡಿತರ ಊಹೆ. ಕೂಗಿಗೆ ಅನುವಾದವುಂಟೆ? ಹದಿನೇಳನೆಯ ಶತಮಾನದಲ್ಲಿ ಆಂಗ್ಲರು ಕಾಗದದ ಆಟಿಕೆಯೊಂದು ಗಾಳಿಯಲ್ಲಿ ತೇಲುವುದನ್ನು ಕಂಡು ಅದಕ್ಕೂ ಈ ಹಕ್ಕಿಯ ಹೆಸರನ್ನೇ ಇಟ್ಟರು. ನಮ್ಮಲ್ಲಿ ಅದು ಗಾಳಿಪಟ. ಹದ್ದಿಗೂ ಅದಕ್ಕೂ ಹೆಸರಿನ ನಂಟಿಲ್ಲ. ನಿಘಂಟಿನಲ್ಲಿ ಒಂದೇ ಮಾತಿಗೆ ಎರಡು ಅರ್ಥಗಳನ್ನು ಓದಿದ ಹುಡುಗನು ಹಕ್ಕಿಗೆ ಗಾಳಿಪಟದ ಹೆಸರು ಬಂದಿತೆಂದು ತಿಳಿಯುತ್ತಾನೆ. ನಿಜಸ್ಥಿತಿ ಇದಕ್ಕೆ ವಿರುದ್ಧ.

ಆಸ್ಪ್ರೇ ಎಂಬ ಹೆಸರಿನ ಕಥೆ ಇನ್ನೂ ವಿಚಿತ್ರವಾದುದು. ಲ್ಯಾಟಿನ್ನಿನಲ್ಲಿ ‘ಬೇಟೆಯ ಹಕ್ಕಿ’ ಎಂಬರ್ಥದ ಎರಡು ಮಾತುಗಳು ಫ್ರೆಂಚಿನ ಬಾಯಲ್ಲಿ ಸವೆದು ಒಂದಾಗಿ ಇದಾಯಿತು. ಆದರೆ ‘ಎಲುಬು ಮುರಿಯುವುದು’ ಎಂಬರ್ಥದ ಬೇರೊಂದು ಲ್ಯಾಟಿನ್ ಮಾತಿನೊಡನೆ ಇದು ಬೆರೆತುಹೋಯಿತು. ಆ ಮಾತು ಸಲ್ಲುತ್ತಿದ್ದುದು ಎಲುಬನ್ನು ಎತ್ತರದಿಂದ ಬಂಡೆಯ ಮೇಲೆ ಬೀಳಿಸಿ ಒಡೆದು ತಿನ್ನುವ ಹಿಮಾಲಯದ ಕಡೆಯ ರಣಹದ್ದಿನ ಜಾತಿಗೆ. ಆಸ್ಪ್ರೇಯಾದರೋ ಮೀನನ್ನು ಬಿಟ್ಟರೆ ಬೇರೆಯದನ್ನು ತಿನ್ನುವುದು ಅಪರೂಪ. ನಿಘಂಟನ್ನು ನಂಬಿ ಇದಕ್ಕೆ ಎಲುಬುಮುರುಕನೆಂದು ಹೆಸರಿಟ್ಟರೆ, ಆಂಗ್ಲರ ಗೊಂದಲವೊಂದನ್ನು ನಾವು ಜೋಪಾನವಾಗಿ ಕನ್ನಡಕ್ಕೆ ಇಳಿಸಿಕೊಂಡಂತಾಗುವುದು. ತಮಿಳರು ಇದನ್ನು ಕರೆಯುವುದು ‘ವಿರಾಲಡಿಪ್ಪಾನ್’ ಎಂದು. ವಿರಾಲ್ ಎಂಬುದು ಕೆರೆಯಲ್ಲಿ ಸಿಕ್ಕುವ ಮೀನು. ಅದನ್ನು ಹೊಡೆಯುವವನೇ ವಿರಾಲಡಿಪ್ಪಾನ್. ಚಳಿಗಾಲದಲ್ಲಿ ಕೆರೆಯಂಗಳಕ್ಕೆ ಬಂದ ಹಕ್ಕಿ ರೆಕ್ಕೆಯನ್ನು ಮಡಿಸಿ ನೀರಿಗೆ ಬಿದ್ದು ಮೀನನ್ನೆತ್ತುವುದನ್ನು ಕಣ್ಣಾರೆ ಕಂಡವನು ಇಟ್ಟ ಹೆಸರು ಅದು. ಎರಡು ಹೆಸರುಗಳಲ್ಲಿ ಶಾಸ್ತ್ರೀಯವಾದುದು ಯಾವುದೆಂದು ವಾಚಕರೇ ತೀರ್ಮಾನಿಸಲಿ.

ಹ್ಯಾರಿಯರ್ ಎಂಬುದು ಸೂರೆಮಾಡು, ಪೀಡಿಸು ಎಂಬರ್ಥದ ಕ್ರಿಯಾಪದದಿಂದ ಬಂದ ಹೆಸರು. ಇದೇ ರೂಪದ ಇನ್ನೊಂದು ಮಾತು ಮೊಲವನ್ನಟ್ಟುವ ಬೇಟೆನಾಯಿಗೆ ಸಲ್ಲುತ್ತದೆ. ಹಕ್ಕಿಗೂ ಮೊಲಕ್ಕೂ ಸಂಬಂಧವಿಲ್ಲ. ಅವಸರದ ಅನುವಾದಕನು ಇಲ್ಲಿ ಎಡವಲು ಹೆಚ್ಚು ಹೊತ್ತು ಬೇಡ. ಬಜರ್ಡ್ ಎಂಬ ಹೆಸರು ಇಂಗ್ಲೆಂಡಿನಲ್ಲಿ ದಪ್ಪ ಮೈಯ ಗಿಡುಗನಿಗೆ ಸಲ್ಲುತ್ತದೆ. ಅದೇ ಹೆಸರು ಕಡಲು ದಾಟಿ ಅಮೆರಿಕವನ್ನು ಸೇರಿದಾಗ ಹೆಣ ತಿನ್ನುವ ಬೋಳುತಲೆಯ ಹಕ್ಕಿಗೆ ಅಂಟಿಕೊಂಡಿತು. ಫಾಲ್ಕನ್ ಎಂಬುದನ್ನು ಕುಡುಗೋಲೆಂಬ ಅರ್ಥದ ಲ್ಯಾಟಿನ್ ಮಾತಿಗೆ ಸೇರಿಸುವುದು ವಾಡಿಕೆ. ಉಗುರು ಬಾಗಿರುವುದರಿಂದ ಆ ಹೆಸರೆಂದು ಕೆಲವರೂ, ಅದು ಮೂಲದಲ್ಲಿ ಜರ್ಮನರ ಮಾತೆಂದು ಕೆಲವರೂ ವಾದಿಸುತ್ತಾರೆ. ಬಾಗಿದ ಉಗುರು ಯಾವ ಬೇಟೆಹಕ್ಕಿಗೆ ತಾನೆ ಇಲ್ಲ? ಇನ್ನು ಮಾಂಟೆಗುವಿನ ಹ್ಯಾರಿಯರ್, ಬೊನೆಲ್ಲಿಯ ಈಗಲ್ ಎಂಬಂತಹವು ಪಂಡಿತರ ಗೌರವಾರ್ಥವಾಗಿ ಬಂದವು. ಅವುಗಳಲ್ಲಿ ಹಕ್ಕಿಯ ವಿಚಾರವೇ ಇಲ್ಲ.

ಇಷ್ಟರವರೆಗಿನದು ಬರಿಯ ಪಾಂಡಿತ್ಯದ ಮಾತೆಂದು ಯಾರಾದರೂ ಹೇಳಬಹುದು. ಆದರೆ ಅರ್ಥದ ತಪ್ಪು ಮನುಷ್ಯರನ್ನು ಮುಟ್ಟುವ ಸಂದರ್ಭಗಳೂ ಇವೆ. ಪೆರಿಗ್ರಿನ್ ಎಂಬ ಡೇಗೆಯನ್ನು ನೋಡಿ. ಲ್ಯಾಟಿನ್ನಿನಲ್ಲಿ ಈ ಮಾತಿಗೆ ಪರದೇಶದವನು, ಅಲೆಯುವವನು ಎಂದು ಅರ್ಥ; ಇಂಗ್ಲಿಷಿನ ಯಾತ್ರಿಕನೆಂಬ ಮಾತೂ ಇದರಿಂದಲೇ ಹುಟ್ಟಿತು. ಡೇಗೆ ಸಾಕುತ್ತಿದ್ದ ಯೂರೋಪಿನವರು ಇದರ ಮರಿಯನ್ನು ಗೂಡಿನಿಂದ ತೆಗೆಯದೆ, ವಲಸೆಯ ದಾರಿಯಲ್ಲಿ ಹಿಡಿಯುತ್ತಿದ್ದುದರಿಂದ ಆ ಹೆಸರು ಬಂದಿತೆನ್ನುತ್ತಾರೆ. ಆದರೆ ಇದೇ ಜಾತಿಯ ಶಾಹೀನ್ ಎಂಬ ಒಳಜಾತಿ ನಮ್ಮ ಪಶ್ಚಿಮ ಘಟ್ಟಗಳ ಕಡಿದಾದ ಬಂಡೆಗಳಲ್ಲಿಯೇ ಗೂಡುಕಟ್ಟಿ, ಅಲ್ಲಿಯೇ ಮರಿಮಾಡಿ, ವರ್ಷದ ಹನ್ನೆರಡು ತಿಂಗಳೂ ಇಲ್ಲಿಯೇ ಬಾಳುತ್ತದೆ. 1837ರಲ್ಲಿ ಸುಂಡೆವಾಲ್ ಎಂಬ ಪಂಡಿತನು ಇದಕ್ಕೆ ಶಾಸ್ತ್ರೀಯ ನಾಮವನ್ನಿಟ್ಟಾಗಲೂ ಅಲೆಮಾರಿ ಎಂಬ ಅರ್ಥವನ್ನೇ ಇನ್ನೊಮ್ಮೆ ಹೇರಿದನು. ಪಾರಸಿಗರು ಕೊಟ್ಟ ಶಾಹೀನ್ ಎಂಬ ಹೆಸರಿನಲ್ಲಿ ರಾಜಗಾಂಭೀರ್ಯವುಂಟು. ಪೆರಿಗ್ರಿನ್ ಎಂಬುದನ್ನು ಕನ್ನಡಿಸಹೊರಟರೆ ದೊರೆಯುವುದು ‘ಪರದೇಶಿ’. ನಮ್ಮಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವನೆಂದೂ ಅರ್ಥ. ತಲೆಮಾರುಗಳಿಂದ ಒಂದೇ ಕಣಿವೆಯಲ್ಲಿ ಬೇರುಬಿಟ್ಟ ಮೇಲೆಯೂ ‘ನೀವು ಎಲ್ಲಿಂದ ಬಂದವರು?’ ಎಂಬ ಪ್ರಶ್ನೆಯನ್ನು ಕೇಳಿಸಿಕೊಳ್ಳುತ್ತಿರುವ ನಮ್ಮಂತಹ ಮನೆಮಾತಿನವರಿಗೆ, ತನ್ನ ಬಂಡೆಯನ್ನು ಬಿಟ್ಟು ಕದಲದ ಹಕ್ಕಿಗೆ ಪರದೇಶಿಯೆಂಬ ಹೆಸರನ್ನು ಕಟ್ಟಲು ಮನಸ್ಸು ಬಾರದು.

ಇದಕ್ಕಿಂತ ಕಠಿನವಾದ ಉದಾಹರಣೆ ನಮ್ಮ ಹದ್ದಿನದೇ. ಭಾರತಕ್ಕೆ ಬಂದ ಆಂಗ್ಲರು ಇಲ್ಲಿಯ ಎರಡು ಹದ್ದುಗಳಿಗೆ ಹೆಸರನ್ನು ಇಡಬೇಕಾಯಿತು. ಬಿಳಿಯ ತಲೆ, ಕೆಂಗಂದು ಮೈಯುಳ್ಳ, ಜನರು ಗರುಡನೆಂದು ಕೈಮುಗಿಯುವ ಹಕ್ಕಿಗೆ ‘ಬ್ರಾಹ್ಮಿನಿ ಕೈಟ್’ ಎಂದರು. ಊರಿನ ಕಸವನ್ನೂ ಸತ್ತ ಇಲಿಯನ್ನೂ ಎತ್ತಿ ಬೀದಿಯನ್ನು ಶುಚಿಗೊಳಿಸುವ ಕಂದು ಹದ್ದಿಗೆ ‘ಪರಯಾ ಕೈಟ್’ ಎಂದರು. ಈ ಎರಡನೆಯ ಮಾತು ತಮಿಳುನಾಡಿನ ಒಂದು ಸಮುದಾಯದ ಹೆಸರು. ಪಱೈ ಎಂಬ ವಾದ್ಯದಿಂದ ಅದು ಬಂದಿತೆನ್ನುತ್ತಾರೆ. ಹಳಗನ್ನಡದ ಪಱೆಯೂ ಅದೇ. ಆ ಜನರ ಹೆಸರು ಆಂಗ್ಲರ ಬಾಯಲ್ಲಿ ಬಹಿಷ್ಕೃತನೆಂಬ ಬೈಗುಳವಾಗಿ, ಅಲ್ಲಿಂದ ಹಕ್ಕಿಯ ಮೇಲೆಯೂ ಬಿದ್ದಿತು. ಸಲೀಂ ಅಲಿಯವರು 1941ರಲ್ಲಿ ಮೊದಲು ಪ್ರಕಟಿಸಿದ ಭಾರತೀಯ ಪಕ್ಷಿಗಳ ಪ್ರಸಿದ್ಧ ಪುಸ್ತಕದಲ್ಲಿಯೂ ರೂಢಿಯ ಬಲದಿಂದ ಈ ಹೆಸರೇ ನಿಂತಿತು. ಈಗಿನ ಪುಸ್ತಕಗಳಲ್ಲಿ ಅದು ‘ಬ್ಲ್ಯಾಕ್ ಕೈಟ್’ ಆಗಿದೆ.

ಇಲ್ಲೊಂದು ವಿನೋದವುಂಟು. ಇದೇ ಕಂದು ಹದ್ದಿಗೆ 1832ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಶಾಸ್ತ್ರೀಯ ನಾಮವನ್ನು ಕೊಡುವಾಗ ‘ಗೋವಿಂದ’ ಎಂದು ಕರೆದನು. ಹೀಗೆ ಒಂದೇ ಹಕ್ಕಿ ಇಂಗ್ಲಿಷಿನಲ್ಲಿ ಹೊರಗಿನವನು, ಲ್ಯಾಟಿನ್ನಿನಲ್ಲಿ ಗೋವಿಂದ. ಗೋವಿಂದನ ವಾಹನವೆಂದು ಪೂಜೆಗೊಳ್ಳುವುದು ಮಾತ್ರ ಇನ್ನೊಂದು ಹಕ್ಕಿ! ಹಕ್ಕಿಗಳಿಗೆ ಜಾತಿಯನ್ನು ಕಟ್ಟಿದವರು ಆ ಜಾತಿಯನ್ನಾದರೂ ಸರಿಯಾಗಿ ಕಟ್ಟಲಾರದೆ ಹೋದರು. ಎಲ್ಲ ಮನೆಗಳ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತಿರುವ ತರಗತಿಯಲ್ಲಿ ನಿಂತು ಪಾಠ ಹೇಳುವ ಉಪಾಧ್ಯಾಯನಿಗೆ ಈ ಎರಡು ಹೆಸರುಗಳ ಅನುವಾದ ಬೇಕಾಗಿಲ್ಲ. ಒಂದು ಹದ್ದು, ಇನ್ನೊಂದು ಗರುಡ; ಕನ್ನಡಕ್ಕೆ ಇಷ್ಟು ಸಾಕು. ಇಂಗ್ಲಿಷ್ ಹೆಸರಿನ ಚರಿತ್ರೆಯನ್ನು ತಿಳಿದವರು ತಿಳಿಯಲಿ. ಅದರ ಕಹಿಯನ್ನು ಕನ್ನಡದ ಪಟ್ಟಿಯಲ್ಲಿ ಹೊಸದಾಗಿ ಬಿತ್ತುವುದು ಬೇಡ.

ಈಗ ನಮ್ಮ ಮಾತುಗಳ ಕಡೆಗೆ ಬರೋಣ. ಬೀದಿಯ ಪರುಂದು, ಮನೆಯ ಹದ್ದು ಎರಡೂ ಬೇರೆಬೇರೆ ಎಂದು ಮಕ್ಕಳು ತಿಳಿಯುವುದುಂಟು. ನಿಜವಾಗಿ ನೋಡಿದರೆ ಅವೆರಡೂ ಒಂದೇ ತಾಯಿಯ ಮಕ್ಕಳು. ತಮಿಳಿನ ಪರುಂದಿಗೆ ಹಳಗನ್ನಡದ ರೂಪ ಪರ್ದು. ಪಕಾರ ಹಕಾರವಾಗಿ, ರೇಫೆ ಅಡಗಿ ದಕಾರ ಇಮ್ಮಡಿಸಿ ಹದ್ದಾಯಿತು. ಪಾಲು ಹಾಲಾದುದೂ ಹೀಗೆಯೇ. ತಮಿಳಿನ ಮರುಂದು ಕನ್ನಡದಲ್ಲಿ ಮರ್ದಾಗಿ ಮದ್ದಾಯಿತು. ಇರುಂದು ಇರ್ದಾಗಿ ಇದ್ದಾಯಿತು. ಪರುಂದು, ಮರುಂದು, ಇರುಂದು. ಹದ್ದು, ಮದ್ದು, ಇದ್ದು. ಈ ಎರಡು ಸಾಲುಗಳನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ, ಮನೆಯ ಮಾತು ಬೀದಿಯ ಮಾತಿನ ಕೆಟ್ಟ ರೂಪವಲ್ಲ, ನಿಯಮಬದ್ಧವಾದ ಅಕ್ಕತಂಗಿಯರ ನಡೆ ಎಂಬುದು ಹತ್ತು ವರ್ಷದ ಮಗುವಿಗೂ ತಿಳಿಯುತ್ತದೆ. ಇಂಗ್ಲಿಷ್ ಹೆಸರಿನ ಅನುವಾದದಿಂದ ಈ ತಿಳಿವಳಿಕೆ ಎಂದಿಗೂ ಬಾರದು.

ಹದ್ದು, ಗರುಡ ಎರಡೇ ಅಲ್ಲ. ಗಿಡುಗ, ಡೇಗೆ, ಸಾಳುವ ಎಂಬ ಮಾತುಗಳೂ ನಮ್ಮಲ್ಲಿವೆ. ಡೇಗೆಯನ್ನು ಪಳಗಿಸಿ ಬೇಟೆಯಾಡುವ ವಿದ್ಯೆ ಈ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಯಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಶ್ಯೇನವಿನೋದವೂ ಸೇರಿದೆ. ಸಾಳುವ ಎಂಬುದು ಬೇಟೆಯ ಡೇಗೆಯ ಹೆಸರೆಂದು ನಿಘಂಟುಕಾರರು ಹೇಳುತ್ತಾರೆ. 1485ರಿಂದ 1491ರವರೆಗೆ ವಿಜಯನಗರವನ್ನಾಳಿದ ಸಾಳುವ ನರಸಿಂಹನ ವಂಶನಾಮವೂ ಅದೇ. ಚರಿತ್ರೆಯ ಪುಸ್ತಕದಲ್ಲಿ ಅರಸನ ಹೆಸರು ಉಳಿಯಿತು. ಹಕ್ಕಿಯ ಹೆಸರು ಮರೆಯಾಯಿತು. ಹೊಸ ಮಾತನ್ನು ಕಟ್ಟುವ ಮೊದಲು ಇಂತಹ ಮಾತುಗಳ ಕಡೆಗೊಮ್ಮೆ ನೋಡಬಾರದೆ?

ನಮ್ಮ ವಾದಕ್ಕೆ ಒಂದು ಆಕ್ಷೇಪಣೆ ಬರಬಹುದು. ಕನ್ನಡದ ಹಳೆಯ ಹೆಸರುಗಳು ಸಡಿಲವಾದುವು. ಗಿಡುಗ ಎಂದರೆ ಒಂದೂರಿನಲ್ಲಿ ಒಂದು ಹಕ್ಕಿ, ಇನ್ನೊಂದೂರಿನಲ್ಲಿ ಮತ್ತೊಂದು. ಶಾಸ್ತ್ರಕ್ಕೆ ಖಚಿತವಾದ ಹೆಸರು ಬೇಡವೇ ಎಂದು ಕೇಳುವರು. ಮಾತು ನ್ಯಾಯವಾದುದೇ. ನಮ್ಮ ರಣಹದ್ದು ಹದ್ದಲ್ಲ. ರಣರಂಗವೂ ಈಗ ಅದಕ್ಕೆ ಊಟವಿಕ್ಕುವುದಿಲ್ಲ. ಆದರೆ ಖಚಿತತೆಗಾಗಿ ಲಿನೇಯಸನ ಪದ್ಧತಿ 1758ರಿಂದಲೂ ಸಿದ್ಧವಾಗಿದೆ. ಆ ಲ್ಯಾಟಿನ್ ನಾಮಗಳನ್ನು ಎಲ್ಲ ದೇಶದವರೂ ಬಳಸುತ್ತಾರೆ, ನಾವೂ ಬಳಸೋಣ. ಇಂಗ್ಲಿಷ್ ಹೆಸರು ಆ ಸ್ಥಾನಕ್ಕೆ ಸಲ್ಲದೆಂಬುದನ್ನು ಬಜರ್ಡ್ ಎಂಬ ಒಂದೇ ಮಾತು ಸಾರುತ್ತದೆ. ಮೇಲಾಗಿ ಜನರ ಹೆಸರಿನಲ್ಲಿ ತಪ್ಪಿದ್ದರೂ ಅದರ ಹಿಂದೆ ಜನರ ನೆನಪಿರುತ್ತದೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ ಹೆಣದ ಮಾಂಸದ ಮೂಲಕ ಸೇರಿ, ಮೂತ್ರಪಿಂಡ ಕೆಟ್ಟು, 1990ರ ದಶಕದಿಂದ ನಮ್ಮ ದೇಶದ ರಣಹದ್ದುಗಳ ಮುಖ್ಯ ಜಾತಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಅಳಿದವು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದು ನಿಷಿದ್ಧವಾಯಿತು. 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾಯಿತು. ಹಕ್ಕಿಯೇ ಅಪರೂಪವಾದ ಊರಿನಲ್ಲಿ ಅದರ ಇರವನ್ನು ಹೇಳಲು ಉಳಿದಿರುವುದು ಆ ಹಳೆಯ ಹೆಸರೊಂದೇ. ಅದನ್ನೂ ಬದಲಾಯಿಸಿದರೆ ಅಜ್ಜಂದಿರ ಮಾತು ಮೊಮ್ಮಕ್ಕಳಿಗೆ ತಿಳಿಯದೆ ಹೋಗುವುದು.

ಅನುವಾದವೇ ಕೂಡದೆಂದು ನಾವು ಹೇಳುವುದಿಲ್ಲ. ಇಂಗ್ಲಿಷಿನವನು ಹಕ್ಕಿಯನ್ನು ನೋಡಿ ಹೆಸರಿಟ್ಟಿರುವ ಕಡೆ ನಮ್ಮವರ ಕಣ್ಣೂ ಅದನ್ನೇ ಕಂಡಿರುತ್ತದೆ. ‘ಹನಿ ಬಜರ್ಡ್’ ಎಂಬುದಕ್ಕೆ ತಮಿಳರು ತೇನ್ ಪರುಂದು ಎನ್ನುತ್ತಾರೆ. ಕನ್ನಡದಲ್ಲಿ ಜೇನುಗಿಡುಗ ಎಂದರೆ ಯಾರಿಗೂ ವಿವರಣೆ ಬೇಡ. ಜೇನಿಗಿಂತ ಹುಟ್ಟಿನೊಳಗಿನ ಮರಿಹುಳುಗಳೇ ಅದಕ್ಕೆ ಹೆಚ್ಚು ಪ್ರಿಯವೆಂಬುದನ್ನು ಉಪಾಧ್ಯಾಯರು ಬಾಯಿಮಾತಿನಲ್ಲಿ ತಿಳಿಸಬಹುದು. ಹ್ಯಾರಿಯರ್ ಹಕ್ಕಿಗೂ ‘ಸೆಳೆ’ ಎಂಬ ನಮ್ಮ ಧಾತುವಿನಿಂದ ಹೆಸರನ್ನು ಕಟ್ಟಿದರೆ, ಹುಲ್ಲುಬಯಲಿನ ಮೇಲೆ ತಗ್ಗಿನಲ್ಲಿ ತೇಲಿಬಂದು ಥಟ್ಟನೆ ಎರಗುವ ಅದರ ಗುಣಕ್ಕೆ ಒಪ್ಪುತ್ತದೆ. ಅರ್ಥ ಹುಟ್ಟಬೇಕಾದುದು ಹಕ್ಕಿಯ ನಡತೆಯಿಂದ, ನಿಘಂಟಿನಿಂದಲ್ಲ.

ಆದ್ದರಿಂದ ಪಟ್ಟಿ ಮಾಡುವ ವಿದ್ವಾಂಸರಲ್ಲಿ ನಮ್ಮ ವಿಜ್ಞಾಪನೆ ಇಷ್ಟು: ಮೊದಲು ಒಕ್ಕಲಿಗನನ್ನೂ ಕುರುಬನನ್ನೂ ಬೆಸ್ತನನ್ನೂ ಕೇಳಿರಿ, ಕರ್ನಾಟಕದ ಒಳಗೆ ಮಾತ್ರವಲ್ಲ, ಗಡಿಯಾಚೆ ಮನೆಮಾತಾಗಿ ಉಳಿದ ಕನ್ನಡವನ್ನೂ ಕೇಳಿರಿ. ಅಲ್ಲಿ ಸಿಕ್ಕದಿದ್ದರೆ ತಮಿಳು, ತೆಲುಗು, ತುಳುಗಳ ಬಾಗಿಲನ್ನು ತಟ್ಟಿರಿ; ಅವು ನಮ್ಮ ದಾಯಾದಿಗಳಲ್ಲ, ಒಡಹುಟ್ಟಿದವು. ಅಲ್ಲಿಯೂ ದೊರೆಯದಾಗ ಹಕ್ಕಿಯನ್ನು ನೋಡಿ ಹೊಸ ಹೆಸರನ್ನು ಕಟ್ಟಿರಿ. ಜರ್ಡನ್ ಎಂಬ ವೈದ್ಯನು 1862ರಿಂದ 1864ರವರೆಗೆ ಪ್ರಕಟಿಸಿದ ಭಾರತದ ಹಕ್ಕಿಗಳ ಗ್ರಂಥದಲ್ಲಿ ತಮಿಳು, ತೆಲುಗು ಮೊದಲಾದ ದೇಶಭಾಷೆಯ ಹೆಸರುಗಳನ್ನೂ ಬರೆದಿಟ್ಟನು. ಹೊರಗಿನವನು ಅಂದು ಮಾಡಿದ ಕೆಲಸವನ್ನು ಮನೆಯವರಾದ ನಾವು ಮುಂದುವರಿಸಲಾರೆವೆಂದರೆ ನಾಚಿಕೆಗೇಡು. ನಮ್ಮ ಸಂಘದ ಬಂಧುಗಳು ತಮ್ಮ ಮನೆಯ ಹಿರಿಯರ ಬಾಯಿಂದ ಕೇಳಿದ ಹಕ್ಕಿಯ ಹೆಸರುಗಳನ್ನು, ಹಕ್ಕಿಯ ಬಣ್ಣ, ಗಾತ್ರ, ಆಹಾರಗಳ ಎರಡು ಸಾಲಿನ ವಿವರದೊಡನೆ, ಬರೆದಿಡಬೇಕೆಂದು ಕೋರುತ್ತೇವೆ. ಹಿರಿಯರು ಇರುವಾಗಲೇ ಆಗಬೇಕಾದ ಕೆಲಸ ಇದು.