ದಿಕ್ಕಿಲ್ಲದವನ ನೆಂಟಸ್ತಿಕೆ

ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ಕಾದಂಬರಿಯಲ್ಲಿ ಬಾಡಿಗೆದಾರ ಲಾಕ್‌ವುಡ್ ಎರಡನೆಯ ಸಲ ಮಾಲೀಕನ ಮನೆಗೆ ಹೋದಾಗ, ಅಲ್ಲಿರುವವರು ಯಾರಿಗೆ ಯಾರು ಏನಾಗಬೇಕೆಂಬುದೇ ಅವನಿಗೆ ತಿಳಿಯುವುದಿಲ್ಲ. ಅಲ್ಲಿದ್ದ ಹುಡುಗಿಯನ್ನು ಮಾಲೀಕ ಹೀತ್‌ಕ್ಲಿಫ್‌ನ ಹೆಂಡತಿ ಎಂದುಕೊಳ್ಳುತ್ತಾನೆ. ಅಲ್ಲವೆಂದಾಗ, ಪಕ್ಕದ ಒರಟು ಯುವಕನ ಹೆಂಡತಿಯಿರಬೇಕು ಎನ್ನುತ್ತಾನೆ. ಅದೂ ತಪ್ಪು. ಅವಳು ತೀರಿಹೋದ ಮಗನ ಹೆಂಡತಿ, ಮನೆಯ ಸೊಸೆ. ನಗು ಬರಿಸುವ ಈ ಗೊಂದಲ ಕಾದಂಬರಿಯ ತಿರುಳಿಗೇ ಕೈಹಾಕುತ್ತದೆ.

ವಿಕ್ಟೋರಿಯನ್ ಕಾದಂಬರಿಕಾರರಿಗೆ ಅನಾಥರೆಂದರೆ ಬಲು ಪ್ರೀತಿ. ಅವರನ್ನು ಕೊನೆಯವರೆಗೂ ಅನಾಥರಾಗಿಯೇ ಬಿಡುವ ಎದೆಗಾರಿಕೆ ಮಾತ್ರ ಕಡಿಮೆ. ಡಿಕೆನ್ಸ್‌ನ ಆಲಿವರ್ ಟ್ವಿಸ್ಟ್‌ಗೆ ತಾಯಿಯ ತಂಗಿ ಸಿಗುತ್ತಾಳೆ, ತಂದೆಯ ಹಣವೂ ಸಿಗುತ್ತದೆ. ಎಮಿಲಿಯ ಅಕ್ಕ ಷಾರ್ಲೆಟ್ ‘ವುದರಿಂಗ್ ಹೈಟ್ಸ್’ ಬಂದ 1847ರಲ್ಲೇ ಪ್ರಕಟಿಸಿದ ‘ಜೇನ್ ಐರ್’ನಲ್ಲಂತೂ, ಹಸಿದು ಅಲೆದ ಜೇನ್ ಯಾವ ಮನೆಯ ಬಾಗಿಲಲ್ಲಿ ಕುಸಿಯುತ್ತಾಳೋ ಆ ಮನೆಯವರೇ ಅವಳ ಸೋದರತ್ತೆಯ ಮಕ್ಕಳು! ಮೇಲೆ 20,000 ಪೌಂಡ್ ಆಸ್ತಿ ಬೇರೆ. ಇಡೀ ಇಂಗ್ಲೆಂಡಿನಲ್ಲಿ ಇನ್ನೊಂದು ಮನೆ ಇರಲಿಲ್ಲವೇ ಎಂದು ಕೇಳಬೇಕೆನಿಸುತ್ತದೆ.

ಎಮಿಲಿ ಈ ದಾರಿ ಹಿಡಿಯಲಿಲ್ಲ. ಲಿವರ್‌ಪೂಲ್‌ನ ಬೀದಿಯಲ್ಲಿ ಸಿಕ್ಕ ಹುಡುಗನಿಗೆ ಹೈಟ್ಸ್ ಮನೆಯ ಯಜಮಾನ, ಮುದುಕ ಅರ್ನ್‌ಷಾ ಹೀತ್‌ಕ್ಲಿಫ್ ಎಂದು ಸತ್ತ ತನ್ನ ಮಗನ ಹೆಸರಿಡುತ್ತಾನೆ, ಮನೆತನದ ಹೆಸರು ಕೊಡುವುದಿಲ್ಲ. ಹೆತ್ತವರು ಯಾರೆಂಬುದು ಕೊನೆಗೂ ಬಯಲಾಗುವುದಿಲ್ಲ. ಅವನು ಅರ್ನ್‌ಷಾಗೇ ಗುಟ್ಟಾಗಿ ಹುಟ್ಟಿದವನಿರಬೇಕೆಂದು ಕೆಲವು ವಿಮರ್ಶಕರು ಶಂಕಿಸಿದ್ದುಂಟು. ಕೃತಿಯಲ್ಲಿ ಅದಕ್ಕೆ ಆಧಾರವಿಲ್ಲ. ಅನಾಥನಿಗೆ ಅಪ್ಪನನ್ನು ಹುಡುಕಿಕೊಡಲೇಬೇಕೆಂಬ ಹಳೆಯ ಚಟ ಓದುವವರಿಗೂ ಅಂಟಿಕೊಂಡಿದೆ, ಅಷ್ಟೆ.

ಬಂಧುಗಳಿಲ್ಲದ ಈ ಮನುಷ್ಯ ಬಂಧುತ್ವವನ್ನೇ ಆಯುಧ ಮಾಡಿಕೊಳ್ಳುವುದು ಕಾದಂಬರಿಯ ನಿಜವಾದ ಸಾಹಸ. ಅವನು ಪ್ರೀತಿಸಿದ, ಅರ್ನ್‌ಷಾನ ಮಗಳು ಕ್ಯಾಥರೀನ್‌ಳ ಅಣ್ಣ ಹಿಂಡ್ಲಿಯ ಜೂಜಿನ ಗೀಳಿನಿಂದ ಹೈಟ್ಸ್ ಮನೆ ಅಡಮಾನವಾಗಿ ಹೀತ್‌ಕ್ಲಿಫ್‌ನ ಕೈಸೇರುತ್ತದೆ. ಥ್ರಷ್‌ಕ್ರಾಸ್ ಗ್ರೇಂಜ್‌ನ ಎಡ್ಗರ್ ಲಿಂಟನ್ ಕ್ಯಾಥರೀನ್‌ಳನ್ನು ಮದುವೆಯಾದರೆ, ಇವನು ಎಡ್ಗರ್‌ನ ತಂಗಿ ಇಸಬೆಲ್ಲಾಳನ್ನು ಕಟ್ಟಿಕೊಳ್ಳುತ್ತಾನೆ, ಎಳ್ಳಷ್ಟೂ ಪ್ರೀತಿಯಿಲ್ಲದೆ. ಮುಂದೆ ತನ್ನ ರೋಗಿಷ್ಠ ಮಗನಿಗೆ ಎಡ್ಗರ್‌ನ ಮಗಳು ಕ್ಯಾಥಿಯನ್ನು ಕೂಡಿಹಾಕಿ ಮದುವೆ ಮಾಡಿಸುತ್ತಾನೆ. ವಿವಾಹಿತ ಸ್ತ್ರೀಯರ ಆಸ್ತಿಹಕ್ಕಿನ ಕಾಯ್ದೆಗಳು ಬಂದದ್ದು 1870 ಮತ್ತು 1882ರಲ್ಲಿ. ಕತೆ ನಡೆಯುವ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಹೆಂಡತಿಯ ಚರಾಸ್ತಿಯೆಲ್ಲ ಗಂಡನದೇ. ಮಗ ಅದನ್ನು ಅಪ್ಪನಿಗೆ ಬರೆದುಕೊಟ್ಟು ಸಾಯುತ್ತಾನೆ. ಅಪ್ರಾಪ್ತನಾದ ಅವನು ಜಮೀನನ್ನು ಬರೆದುಕೊಡುವಂತಿರಲಿಲ್ಲ. ಅದನ್ನೂ ಹೀತ್‌ಕ್ಲಿಫ್ ತನ್ನದೆಂದು ಹಿಡಿದಿಟ್ಟುಕೊಳ್ಳುತ್ತಾನೆ. ವಕೀಲ ಸಿ. ಪಿ. ಸ್ಯಾಂಗರ್ 1926ರಲ್ಲಿ ಎರಡೂ ಮನೆತನಗಳ ವಂಶವೃಕ್ಷ ಬರೆದು, ಎಮಿಲಿಯ ಕಾನೂನುಜ್ಞಾನ ಎಷ್ಟು ಗಟ್ಟಿಯೆಂದು ತೋರಿಸಿದ. ಹುಚ್ಚು ಪ್ರೇಮದ ಕತೆಯೆಂದು ಹೆಸರಾದ ಕೃತಿಯ ಒಳಗೆ ಇಷ್ಟು ಬಿಗಿಯಾದ ಆಸ್ತಿಲೆಕ್ಕವಿದೆ.

ಕ್ಯಾಥಿಯ ಮೊದಲ ಗಂಡ ಸೋದರತ್ತೆಯ ಮಗ. ಆಮೇಲೆ ಒಲಿದ ಹೇರ್ಟನ್ ಸೋದರಮಾವ ಹಿಂಡ್ಲಿಯ ಮಗ. ನಮ್ಮ ಕಡೆಯ ಹಿರಿಯರು ಎರಡಕ್ಕೂ ತಲೆಯಾಡಿಸುತ್ತಿದ್ದರೇನೋ! ಈ ಎರಡನೆಯ ಜೋಡಿಯಲ್ಲಿ ಬಹಳ ಓದುಗರು ಶಾಂತಿ, ಸಾಮರಸ್ಯ ಕಾಣುತ್ತಾರೆ. ನನಗೆ ಅಷ್ಟು ಸಮಾಧಾನವಿಲ್ಲ. ಹೈಟ್ಸ್‌ನ ಬಾಗಿಲ ಮೇಲೆ 1500 ಎಂಬ ಇಸವಿಯೂ ಹೇರ್ಟನ್ ಅರ್ನ್‌ಷಾ ಎಂಬ ಹೆಸರೂ ಕೆತ್ತಿವೆ. ಮೂರು ಶತಮಾನದ ನಂತರ ಅದೇ ಹೆಸರಿನವನಿಗೆ ಮನೆ ಮರಳುತ್ತದೆ. ನಡುವೆ ಬಂದ ಹೊರಗಿನವನ ವಂಶ ಅಳಿಸಿಹೋಗುತ್ತದೆ. ಅಪ್ಪನನ್ನು ಹುಡುಕಿಕೊಡದ ಎಮಿಲಿ ಆಸ್ತಿಯನ್ನು ಮಾತ್ರ ಹಳೆಯ ವಾರಸುದಾರರಿಗೇ ಒಪ್ಪಿಸಿಬಿಡುತ್ತಾಳೆ. ಹೀತ್‌ಕ್ಲಿಫ್ ಸತ್ತಾಗ ನಿಜವಾಗಿ ಅತ್ತವನು ಒಬ್ಬನೇ, ಅವನಿಂದ ಎಲ್ಲರಿಗಿಂತ ಹೆಚ್ಚು ಅನ್ಯಾಯಕ್ಕೊಳಗಾದ ಹೇರ್ಟನ್. ರಕ್ತಸಂಬಂಧವಿಲ್ಲದ ಆ ಅಪ್ಪ-ಮಗನ ನಂಟನ್ನು ಕಾದಂಬರಿ ಮುಂದೆ ಬೆಳೆಸುವುದಿಲ್ಲ. ಹೊಸ ವರ್ಷದ ಮದುವೆಯ ಏರ್ಪಾಟಿಗೆ ಅವಸರಪಡುತ್ತದೆ.